ಮೂರನೇ ಪ್ಲೇಟಿನ ಗೀರು

ಗ್ರಾಮಫೋನಿನ ಪ್ಲೇಟುಗಳು ಆರಿದ್ದವು. ಮಾಳಮ್ಮ ಪಡಸಾಲೆಯಲ್ಲಿ ಕೂತು ಒಂದೊಂದನ್ನೇ ಕಾಗದದ ಚೀಲದಿಂದ ಹೊರಗೆಳೆದು, ಅಂಚಿಗಷ್ಟೇ ಬೆರಳು ತಾಗುವಂತೆ ಹಿಡಿದು, ಹಳೆಯ ಸೀರೆಯ ತುಂಡಿನಿಂದ ಒರೆಸಿ ಮಗ್ಗುಲಲ್ಲಿ ಇಡುತ್ತಿದ್ದಳು. ಒಳಗೆ ಚರ್ಚಿನ ಉಪದೇಶಿ ಪಕ್ಕೀರಪ್ಪನವರು ಬಸಿಯಲ್ಲಿ ಸುರಿದುಕೊಂಡು ಚಹಾ ಕುಡಿಯುವ ಸದ್ದು ಆಗಾಗ ಕೇಳುತ್ತಿತ್ತು. ಆ ಸದ್ದು ನಿಂತ ಕೂಡಲೇ ಅವರು ಹೊರಗೆ ಬರುತ್ತಾರೆ, ಏನಾದರೂ ಅನ್ನುತ್ತಾರೆ, ತಾನೂ ಏನಾದರೂ ಅನ್ನಬೇಕಾಗುತ್ತದೆ ಎಂದು ಅವಳು ಕೈಯನ್ನು ಇನ್ನಷ್ಟು ನಿಧಾನ ಮಾಡಿದಳು. ಕೊಟ್ಟೂರಿನ ಕೆಂಪು ಧೂಳು ಎಷ್ಟು ಒರೆಸಿದರೂ ಬಟ್ಟೆಗೆ ಹತ್ತುತ್ತಲೇ ಇತ್ತು. ಮೂರನೇ ಪ್ಲೇಟು ಬಂದಾಗ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಕರಿಯ ಗೆರೆಗಳ ನಡುವೆ, ಒಳಗಿನ ಹಳದಿ ಚೀಟಿಗೆ ಎರಡು ಬೆರಳು ದೂರದಲ್ಲಿ, ಬೆಕ್ಕಿನ ಉಗುರು ಎಳೆದಂಥ ಒಂದು ಗೀರು. ಬೆಳಕು ಸರಿಯಾಗಿ ಬೀಳದಿದ್ದರೆ ಕಾಣದು. ಅವಳು ಅದರ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದಳು. ಬೆರಳು ತೆಗೆದರೆ ಅದು ಅಲ್ಲೇ ಇತ್ತು. ಒಂದು ದಿನ ಉಜ್ಜಿನಿ ದಾರಿಯಲ್ಲಿ ಸುಸ್ತಾಗಿ ಕಲ್ಲಿನ ಮೇಲೆ ಪ್ಲೇಟು ಇಟ್ಟು, ಮರಳಿನ ಕಣ ನೋಡದೆ ಒತ್ತಿ ಒರೆಸಿದವಳು ತಾನೇ. ಅದನ್ನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ.

ಚಹಾದ ಸದ್ದು ನಿಂತಿತು. "ರೂತಮ್ಮ" ಎಂದು ಕರೆದದ್ದು ಅವಳಿಗೆ ತುಸು ತಡವಾಗಿ ತಿಳಿಯಿತು. ದೀಕ್ಷಾಸ್ನಾನದ ದಿನ ಇಟ್ಟ ಆ ಹೆಸರಿನಿಂದ ಉಪದೇಶಿಗಳೊಬ್ಬರೇ ಅವಳನ್ನು ಕರೆಯುವುದು. ಪ್ರತಿ ಸಲವೂ ಇನ್ಯಾರನ್ನೋ ಕರೆದರು ಅನ್ನಿಸಿ, ಆಮೇಲೆ ಅದು ತಾನೇ ಎಂದು ನೆನಪಾಗಿ ತಲೆ ಎತ್ತುತ್ತಿದ್ದಳು. ಅಷ್ಟರಲ್ಲಿ ಅವರ ಮುಖದಲ್ಲಿ ಒಂದು ಸಣ್ಣ ಬೇಸರ ಬಂದು ಹೋಗಿರುತ್ತಿತ್ತು. ಈಗಲೂ ಬಂದು ಹೋಯಿತು. ನಿನ್ನೆ ಸಂಜೆ ಹೇಳಿದ್ದನ್ನೇ ಅವರು ಮತ್ತೆ ಹೇಳಿದರು. ಅವಳು ಬುಧವಾರಕ್ಕೊಮ್ಮೆ ಆ ಊರಿಗೆ ಹೋಗಲು ಹತ್ತಿ ಎರಡು ವರ್ಷವಾಯಿತು, ಒಬ್ಬರೂ ಯೇಸುವಿನ ಗುಡಿಯ ಬಾಗಿಲವರೆಗೆ ಬರಲಿಲ್ಲ, ಬೈಯಲೂ ಇಲ್ಲ ಬಾ ಎನ್ನಲೂ ಇಲ್ಲ. ಮುಂದಿನ ವಾರದಿಂದ ಪ್ಲೇಟು ಹಾಡಿಸುವ ಪೆಟ್ಟಿಗೆ ಹಡಗಲಿ ಕಡೆಗೆ ಹೋಗುತ್ತದೆ, ಅಲ್ಲೊಬ್ಬ ಹೆಣ್ಣುಮಗಳು ಇದ್ದಾಳೆ, ಬಾಯಿ ಚುರುಕು. ಇವತ್ತೊಂದು ದಿನ ಹೋಗಿ ಬಂದರೆ ಮುಗಿಯಿತು. ನಿನ್ನೆ ಇದನ್ನು ಕೇಳಿದಾಗ ತಲೆಯ ಮೇಲಿನ ಸೌದೆಯ ಹೊರೆ ಯಾರೋ ಇಳಿಸಿದಂತೆ ಅವಳ ಕುತ್ತಿಗೆ ಹಗುರಾಗಿತ್ತು. ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದಾಗ ಆ ಹಗುರವೇ ನಾಚಿಕೆಯಾಗಿ ಎದೆಗೆ ಕೂತಿತ್ತು. "ಆದ್ರ ಆ ಒಬ್ಬಾಕಿ ಅದಾಳಲ್ಲ," ಎಂದರು ಉಪದೇಶಿಗಳು ಚಪ್ಪಲಿ ಮೆಟ್ಟುತ್ತಾ, "ಬಾಯಿ ಬಿಟ್ಟು ಕೇಳಿದಾಕಿ. ಆಕೀನ್ನ ಭಾನುವಾರ ಕರಕೊಂಡು ಬಾ. ಒಬ್ಬಾಕಿ ಬಂದ್ರೂ ಸಾಕು." ಮಾಳಮ್ಮ ತಲೆಯಾಡಿಸಿದಳು. ಮೂರನೇ ಪ್ಲೇಟನ್ನು ಚೀಲಕ್ಕೆ ಸೇರಿಸಿದಳು.

ಅವಳ ಕೈಗೆ ಆ ಪೆಟ್ಟಿಗೆ ಬಂದದ್ದೇ ಅವಳಿಗೆ ಮಾತು ಬಾರದ್ದರಿಂದ. ಹೆಂಗಸರ ಪ್ರಾರ್ಥನಾಕೂಟದಲ್ಲಿ ಒಬ್ಬೊಬ್ಬರೂ ಎದ್ದು ದೇವರು ತಮಗೇನು ಮಾಡಿದನೆಂದು ಸಾಕ್ಷಿ ಹೇಳಬೇಕಿತ್ತು. ಅವಳ ಸರದಿ ಬಂದಾಗ ಎದ್ದು ನಿಂತಳು. ಬಾಯಿ ತೆರೆಯಿತು, ಏನೂ ಬರಲಿಲ್ಲ. ಎದುರಿನ ಗೋಡೆಯ ಸುಣ್ಣ ಎಲ್ಲಿ ಉದುರಿದೆ, ಕೂಟ ನಡೆಸುವ ಕಲ್ಯಾಣಮ್ಮನವರ ಕುಪ್ಪಸದ ಗುಂಡಿ ಯಾವ ಬಣ್ಣದ್ದು, ಯಾರ ಮಗು ಯಾರ ಸೆರಗನ್ನು ಬಾಯಲ್ಲಿ ಚೀಪುತ್ತಿದೆ, ಎಲ್ಲ ಕಾಣುತ್ತಿತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೂತುಬಿಟ್ಟಳು. ಆ ವಾರವೇ ಹೊಸಪೇಟೆಯ ಮಿಷನ್ನಿನಿಂದ ಬಂದವರು ಪೆಟ್ಟಿಗೆ ಕೊಟ್ಟು ಹೋಗಿದ್ದರು. ಪೆಟ್ಟಿಗೆ ಅನ್ನುವುದು ಬರೀ ಮಾತಿಗೆ. ಅದು ದಪ್ಪ ರಟ್ಟು. ಮಡಿಕೆ ಬಿಚ್ಚಿ ನಿಲ್ಲಿಸಿದರೆ ಸಣ್ಣ ಗುಡಿಸಲಿನ ಮಾಡಿನ ಹಾಗೆ ನಿಲ್ಲುತ್ತಿತ್ತು. ಮಾಡಿನ ತುದಿಗೆ ಒಂದು ಮುಳ್ಳು. ಕೆಳಗಿನ ಮೊಳೆಗೆ ಪ್ಲೇಟು ಸಿಕ್ಕಿಸಿ, ಪ್ಲೇಟಿನಲ್ಲೇ ಇರುವ ಸಣ್ಣ ತೂತಿಗೆ ಪೆನ್ಸಿಲು ಊರಿ ಕೈಯಿಂದ ತಿರುಗಿಸಬೇಕು. ಸೆಲ್ಲು ಬೇಡ, ಕರೆಂಟು ಬೇಡ. ನೀನು ಮಾತಾಡೋದು ಬೇಡ, ತಿರುಗಿಸಿದರೆ ಸಾಕು ಎಂದು ಉಪದೇಶಿಗಳು ಅಂದಾಗ, ದೇವರು ತನ್ನನ್ನು ಕಂಡು ಇದನ್ನು ಕಳಿಸಿದ ಎಂದೇ ಅವಳು ನಂಬಿದ್ದಳು. ಪ್ಲೇಟಿನೊಳಗೆ ಒಬ್ಬ ಗಂಡಸಿದ್ದ. ಯಾವ ಊರಿನವನೋ, ಅಚ್ಚು ಹಾಕಿದ ಹಾಗೆ ಪುಸ್ತಕದ ಮಾತು ಆಡುತ್ತಿದ್ದ. ಅವಳ ಕೈ ಸೋತರೆ ಅವನ ದನಿ ಇಳಿದು ಮುದುಕನಾಗುತ್ತಿದ್ದ, ಗಾಬರಿಯಾದರೆ ಅವನ ದನಿ ಹೆಂಗಸಿನ ಹಾಗೆ ಕೀಚಲಾಗುತ್ತಿತ್ತು. ಒಂದೇ ಸಮನೆ ತಿರುಗಿಸುವುದನ್ನು ಕಲಿಯಲು ಅವಳಿಗೆ ಎರಡು ತಿಂಗಳು ಬೇಕಾಯಿತು. ಕಲಿತ ಮೇಲೆ, ಅವಳ ಮುಂಗೈ ಇರುವವರೆಗೆ ಅವನು ಧೈರ್ಯವಾಗಿ ಮಾತಾಡಿದ.

ಉಜ್ಜಿನಿ ದಾರಿ ಬಿಟ್ಟು ಬಲಕ್ಕೆ ಹೊರಳುವ ಬಂಡಿ ಜಾಡಿನಲ್ಲಿ ಆಗಲೇ ಬಿಸಿಲು ಏರಿತ್ತು. ಚೀಲದಲ್ಲಿ ಪ್ಲೇಟುಗಳು ಬಿಸಿಯಾಗಿ ಬಗ್ಗದಿರಲೆಂದು ಅದನ್ನು ಸೆರಗಿನ ಕೆಳಗೆ ಹಿಡಿದಿದ್ದಳು. ಊರ ಮುಂದಿನ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಅಪ್ಪ ಅವ್ವ ಎರಡು ಮಕ್ಕಳು. ಮೊದಲ ದಿನ ಬಂದಾಗ ಬಣ್ಣ ಇನ್ನೂ ಹಸಿಯಿತ್ತು. ಹೆಗಲಿಗೆ ಚೀಲ ಹಾಕಿಕೊಂಡ ಹೊರಗಿನ ಹೆಣ್ಣನ್ನು ಕಂಡು ಹುಣಸೆಹಣ್ಣು ಬಡಿಯುವವರ ಗುಂಪು ಎದ್ದು ಹಿತ್ತಿಲಿಗೆ ಓಡಿತ್ತು. ಅವರಲ್ಲಿ ಬೊಮ್ಮಮ್ಮ ಒಬ್ಬಳೇ ಕೂತಲ್ಲೇ ಕೂತು, ಗಂಡಸರೆಲ್ಲಾ ಹೊಲಕ್ಕ ಹೋಗ್ಯಾರವ್ವಾ, ಸಂಜಿಗೆ ಬಂದು ಹಿಡಕೊಂಡು ಹೋಗು, ನಮ್ಮನಿಯಾಂವನ್ನ ಮೊದಲು ಒಯ್ಯಿ ಎಂದಿದ್ದಳು. ತಾನು ಗಂಡಸರನ್ನು ಆಪರೇಷನ್ನಿಗೆ ಒಯ್ಯಲು ಬಂದವಳಲ್ಲ ಎಂದು ತಿಳಿಸಲು ಮಾಳಮ್ಮನಿಗೆ ಬಾಯಿ ಬರದೆ, ರಟ್ಟು ಬಿಡಿಸಿ ಪೆನ್ಸಿಲು ಊರಿ ತಿರುಗಿಸಿದ್ದಳು. ಗಂಡಸಿನ ದನಿ ಕೇಳಿ ಓಡಿದವರೆಲ್ಲ ತಿರುಗಿ ಬಂದರು. ಆವತ್ತು ನಕ್ಕರು. ಎರಡನೇ ವಾರ ನಕ್ಕರು. ಆಮೇಲೆ ನಗುವುದನ್ನೂ ಬಿಟ್ಟರು. ಹುಣಸೆಯ ಒಡೆಯ ಗುರುಸಂಗಪ್ಪನವರ ಮನೆಯ ಅಂಗಳದ ಬೇವಿನ ನೆರಳಿನಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತು, ಕಲ್ಲಿನ ಮೇಲೆ ಹಣ್ಣಿಟ್ಟು ಮರದ ಕೊಡತಿಯಿಂದ ಬಡಿದು ಬೀಜ ಬಿಡಿಸುತ್ತಿದ್ದರು. ನೆರಳು ಮುಗಿಯುವಲ್ಲಿ ಅವಳ ಜಾಗ. ಅವಳು ತಿರುಗಿಸುತ್ತಿದ್ದಳು, ಅವರು ಬಡಿಯುತ್ತಿದ್ದರು. ಗಂಡಸು ಲೋಕದ ಪಾಪವನ್ನು ಹೊತ್ತವನ ಬಗ್ಗೆ ಹೇಳುತ್ತಿದ್ದರೆ ನಡುವೆ ಠಪ್, ಠಪ್, ಠಪ್. ಉಪ್ಪು ಸಾಲಲಿಲ್ಲ ನಿನ್ನೆ ಸಾರಿಗೆ ಎಂದು ಒಬ್ಬಳು. ಬಿಸಿಲಾತು ಎಂದು ಇನ್ನೊಬ್ಬಳು. ಬೈದಿದ್ದರೆ, ಕಲ್ಲೆಸೆದಿದ್ದರೆ, ಊರಿಗೆ ಹೋಗಿ ಉಪದೇಶಿಗಳಿಗೆ ಹೇಳಲು ಏನಾದರೂ ಇರುತ್ತಿತ್ತು. ಕಟ್ಟೆಯ ಮೇಲೆ ಕೂತ ಗುರುಸಂಗಪ್ಪನವರ ತಾಯಿ ನಾಗಲಿಂಗಮ್ಮ ಮಧ್ಯಾಹ್ನಕ್ಕೆ ಅವಳ ಬೊಗಸೆಗೆ ಮೇಲಿನಿಂದ ನೀರು ಹೊಯ್ಯಿಸುತ್ತಿದ್ದಳು, ಅದೂ ಮರೆಯದೆ. ಕುಡಿದು ಬಾಯಿ ಒರೆಸಿಕೊಂಡಾಗ ಕುಪ್ಪಸದ ತೋಳು ತೋಯ್ದಿರುತ್ತಿತ್ತು. ದಾರಿಯುದ್ದಕ್ಕೂ ಆ ತೋಳು ಒಣಗುವವರೆಗೆ ಅವಳಿಗೆ ಪ್ರಾರ್ಥನೆ ಮಾಡಲಾಗುತ್ತಿರಲಿಲ್ಲ.

ಒಂದು ಕೊಡತಿ ಮಾತ್ರ ನಿಲ್ಲುತ್ತಿತ್ತು. ಅದು ತಿಳಿದದ್ದು ಕಣ್ಣಿಗಲ್ಲ, ಕಿವಿಗೆ. ಹನ್ನೆರಡು ಸದ್ದಿನಲ್ಲಿ ಒಂದು ಕಡಿಮೆಯಾಗುತ್ತಿತ್ತು, ಮೂರನೇ ಪ್ಲೇಟು ಹಾಕಿದಾಗ. ಅದರಲ್ಲಿದ್ದದ್ದು ಒಬ್ಬ ಊರ ಹಿರಿಯನ ಮಗಳ ಕಥೆ. ಹನ್ನೆರಡು ವರ್ಷದವಳು. ಸತ್ತಳೆಂದು ಮನೆಯವರು ಅಳುತ್ತಿರುತ್ತಾರೆ. ಯೇಸು ಬರುತ್ತಾನೆ, ಹುಡುಗಿ ಸತ್ತಿಲ್ಲ, ಮಲಗಿದ್ದಾಳೆ ಅನ್ನುತ್ತಾನೆ, ಜನ ನಗುತ್ತಾರೆ. ಅವನು ಅವಳ ಕೈ ಹಿಡಿದು ಎಬ್ಬಿಸುತ್ತಾನೆ; ಅವಳಿಗೆ ಉಣ್ಣಲು ಏನಾದರೂ ಕೊಡಿರಿ ಎಂದು ತಾಯಿಗೆ ಹೇಳುತ್ತಾನೆ. ನಿಲ್ಲುತ್ತಿದ್ದ ಕೊಡತಿ ಗಾಳೆಮ್ಮನದು, ಸಾಲಿನ ಕೊನೆಯವಳು, ಕೆನ್ನೆ ಬತ್ತಿದವಳು. ಅವಳ ಮಗಳು ಜೋಗಿ ಹೋದ ಬೇಸಿಗೆಯಲ್ಲಿ ವಾಂತಿಭೇದಿಯಾಗಿ ಒಂದೇ ದಿನದಲ್ಲಿ ಹೋಗಿದ್ದಳು. ಆ ಹುಡುಗಿ ಬದುಕಿದ್ದಾಗ ಅದೇ ಅಂಗಳದಲ್ಲಿ ಬೀಜ ಆರಿಸುತ್ತಾ ಕೂತಿರುತ್ತಿದ್ದಳು. ಪೆನ್ಸಿಲು ತಾನು ತಿರುಗಿಸಲೇ ಎಂದು ಒಂದು ಸಲ ಕಣ್ಣಿನಲ್ಲೇ ಕೇಳಿದ್ದಳು. ಮಾಳಮ್ಮ ಕೊಟ್ಟಿರಲಿಲ್ಲ. ಪ್ಲೇಟಿಗೆ ಏನಾದರೂ ಆದರೆ ಎಂದು ಹೆದರಿದ್ದಳು.

ಮೂರು ವಾರದ ಹಿಂದಿನ ಬುಧವಾರ. ಗಾಳೆಮ್ಮ ಕೊಡತಿ ಇಟ್ಟು ಎದ್ದು ಬಂದು ರಟ್ಟಿನ ಎದುರು ಕೂತಳು. ಹುಳಿ ಹತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು ತಲೆಯ ಮೇಲೆ ಸೆರಗು ಹೊದ್ದಳು, ಎರಡು ಕೈ ಜೋಡಿಸಿ ಮಡಿಲಲ್ಲಿ ಇಟ್ಟುಕೊಂಡಳು. ಈ ಕಡೆಯ ಊರುಗಳಲ್ಲಿ ಅಮ್ಮ ಮೈಮೇಲೆ ಬಂದವಳ ಮುಂದೆ ಹಾಗೆಯೇ ಕೂರುತ್ತಾರೆ. ಒಂದೇ ಮಾತು ಕೇಳುತ್ತಾರೆ. ಬಂದ ಉತ್ತರವೇ ಹೇಳಿಕೆ. ಅದು ಯಾರ ಬಾಯಿಂದ ಬಂತೆಂದು ಯಾರೂ ನೋಡುವುದಿಲ್ಲ. ಆ ಹೊತ್ತಿಗೆ ಬಾಯಿ ಬಾಯಿಯಲ್ಲ. ಮಾಳಮ್ಮನ ಅಜ್ಜಿಯೇ ಹಾಗೆ ಕೂತದ್ದನ್ನು ಅವಳು ಚಿಕ್ಕವಳಿದ್ದಾಗ ನೋಡಿದ್ದಳು. ಆದ್ದರಿಂದ ತಿಳಿಯಲಿಲ್ಲ ಎನ್ನುವ ಹಾಗಿಲ್ಲ. ಗಾಳೆಮ್ಮ ಅವಳ ಮುಖ ನೋಡಲಿಲ್ಲ. ರಟ್ಟಿನ ಕಡೆ ಬಾಗಿ, ಮೆಲ್ಲಗೆ, "ನನ್ ಜೋಗಿ ಎಲ್ಲದಾಳ?" ಎಂದಳು. ಮಾಳಮ್ಮನ ಕೈ ತಿರುಗುತ್ತಿತ್ತು. ಮುಳ್ಳು ಆ ಗೀರಿಗೆ ಬಂದು ಸಿಕ್ಕಿಕೊಂಡಿತು. ಮಲಗಿದ್ದಾಳೆ ಎಂದ ಪ್ಲೇಟಿನ ಗಂಡಸು. ಮಲಗಿದ್ದಾಳೆ. ಮಲಗಿದ್ದಾಳೆ. ಎಲ್ಲ ಕೊಡತಿಗಳೂ ನಿಂತವು, ಎರಡು ವರ್ಷದಲ್ಲಿ ಮೊದಲ ಸಲ. ಮುಳ್ಳು ಎತ್ತಬಹುದಿತ್ತು. ಅವಳಿಗೆ ಇವತ್ತಿಗೂ ಗೊತ್ತು, ಎತ್ತಲು ಒಂದು ಬೆರಳು ಸಾಕಿತ್ತು. ಎತ್ತಿದರೆ ಅಂಗಳವೆಲ್ಲ ಸುಮ್ಮನಾಗುತ್ತಿತ್ತು, ಅಷ್ಟು ಮುಖಗಳು ಅವಳ ಕಡೆ ತಿರುಗುತ್ತಿದ್ದವು, ಅವಳು ಮಾತಾಡಬೇಕಾಗುತ್ತಿತ್ತು. ಅದಕ್ಕೆ ಅವಳು ತಿರುಗಿಸುತ್ತಲೇ ಇದ್ದಳು. ಕೊನೆಗೆ ಮುಳ್ಳು ತಾನಾಗಿ ಹಾರಿ ಮುಂದೆ ಹೋಗಿ, ಅವಳಿಗೆ ಉಣ್ಣಲು ಏನಾದರೂ ಕೊಡಿರಿ ಎಂದು ಹೇಳಿ ಮುಗಿಸಿತು. ಗಾಳೆಮ್ಮ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಎದ್ದಳು. ಹೇಳಿಕಿ ಆತು ಬಿಡವ್ವಾ ಎಂದು ಬೊಮ್ಮಮ್ಮ ನಗೆಯಾಡಿದಳು, ಯಾರೂ ನಗಲಿಲ್ಲ. ಮಾಳಮ್ಮ ರಟ್ಟು ಮಡಚಿದಳು.

ಆ ಸಂಜೆ ಉಪದೇಶಿಗಳಿಗೆ ಅವಳು ಹೇಳಿದ್ದು ಇಷ್ಟೇ, ಒಬ್ಬಾಕಿ ಕೇಳಿದ್ಲು. ಏನು ಕೇಳಿದಳು, ಯಾರನ್ನು ಕೇಳಿದಳು ಎಂದು ಅವರು ವಿಚಾರಿಸಲಿಲ್ಲ. ಅವರ ಮುಖ ಅರಳಿತು. ಭಾನುವಾರ ಎಲ್ಲರೆದುರು ಅವಳ ಹೆಸರು ಹೇಳಿದರು. ರೂತಮ್ಮ ಎಂದಾಗ ಈ ಸಲ ಅವಳು ತಡಮಾಡದೆ ತಲೆ ಎತ್ತಿದಳು. ಕಲ್ಯಾಣಮ್ಮನವರು ತಿರುಗಿ ನೋಡಿ ನಕ್ಕರು. ಆ ನಗೆಯನ್ನು ಅವಳು ಮನೆಗೆ ಒಯ್ದು, ರೊಟ್ಟಿ ಬಡಿಯುವಾಗಲೂ ನೆನೆದು ಬೆಚ್ಚಗಾದಳು. ಮುಂದಿನ ಎರಡು ಬುಧವಾರ ಜ್ವರ ಎಂದಳು. ಜ್ವರ ಇರಲಿಲ್ಲ.

ಅಂಗಳದಲ್ಲಿ ಎಲ್ಲ ಮೊದಲಿನ ಹಾಗೆಯೇ ಇತ್ತು. ಅವಳು ನೆರಳಿನಂಚಿಗೆ ಬಂದು ನಿಂತು ಸದ್ದು ಆಲಿಸಿದಳು. ಸಾಲಿನ ಕೊನೆಯಲ್ಲಿ ಕಲ್ಲು ಇತ್ತು, ಕಲ್ಲಿನ ಮೇಲೆ ಕೊಡತಿ ಇತ್ತು, ಗಾಳೆಮ್ಮ ಇರಲಿಲ್ಲ. ಬೊಮ್ಮಮ್ಮ ಬೀಜವನ್ನು ಮೊರಕ್ಕೆ ಎಸೆಯುತ್ತಾ ತಲೆ ಎತ್ತದೆ, "ಬಂದ್ಯಾ? ಗಂಡನ್ನ ಚೀಲದಾಗ ಮಡಚಿಕೊಂಡು ಬಂದೀ ಹೌದಿಲ್ಲೋ?" ಎಂದಳು. ಒಂದಿಬ್ಬರು ಮೂಗಿನಲ್ಲಿ ನಕ್ಕರು. ಮಾಳಮ್ಮ ಖಾಲಿ ಕಲ್ಲನ್ನೇ ನೋಡುತ್ತಿದ್ದಳು. ಅದನ್ನು ಕಂಡು ಬೊಮ್ಮಮ್ಮನ ದನಿ ಬದಲಾಯಿತು. "ಆಕಿ ಬರೋದಿಲ್ಲ. ಹೋದ ವಾರದ ಸೋಮವಾರಕ್ಕ ಜೋಗಿ ಮಣ್ಣಾಗಿ ವರ್ಷ. ಎಡಿ ಮಾಡು, ಮಣ್ಣಿಗೆ ಹೋಗಿ ಇಟ್ಟು ಬರೂಣು ಅಂದ ಆಕಿ ಗಂಡ ಓಬಣ್ಣ. ಈಕಿ ಒಲಿ ಹಚ್ಚಲಿಲ್ಲ. ಸತ್ತೋರಿಗೆ ಎಡಿ ಇಡತಾರ, ಮಲಗಿದಾಕಿಗೆ ಯಾಕ ಇಡಬೇಕು ಅಂದ್ಲು. ನಿನ್ ಡಬ್ಬಿ ಮೂರು ಸಲ ಹೇಳೇತಂತ. ಗಂಡ ಎರಡು ಹೊಡದ, ಅತ್ತ, ಹರಪನಹಳ್ಳಿಗೆ ತಂಗಿ ಮನಿಗೆ ಹೋಗಿ ಕುಂತಾನ. ಈಕಿ ದಿನಾ ಹುಡುಗಿಗೆ ಗಂಗಾಳ ಹಾಕಿ ಕಾಯಕತ್ಯಾಳ." ಇಷ್ಟು ಹೇಳುವಾಗ ಅವಳ ಕೊಡತಿ ಒಂದು ಸಲವೂ ತಪ್ಪಲಿಲ್ಲ. ಕಟ್ಟೆಯ ಮೇಲಿಂದ ನಾಗಲಿಂಗಮ್ಮ ಜಪಮಾಲೆ ನಿಲ್ಲಿಸಿ ಮಾಳಮ್ಮನನ್ನು ನೋಡಿದಳು. ಬೈಗುಳವೇನೂ ಇರಲಿಲ್ಲ ಆ ನೋಟದಲ್ಲಿ. "ಏನು ಹೇಳಿದೆವ್ವಾ ನೀನು ಆಕಿಗೆ?" ಎಂದು ಕೇಳಿದಳು.

"ನಾ ಏನೂ ಹೇಳಿಲ್ರಿ" ಎಂದಳು ಮಾಳಮ್ಮ. ಅದು ಆ ಅಂಗಳದಲ್ಲಿ ಅವಳು ಆಡಿದ ಮೊದಲ ಮಾತು. ನಿಜವಾದ ಮಾತೂ ಹೌದು. ಹೇಳಿ ಆದ ಮೇಲೆ ಅವಳ ಕಿವಿ ಕಾದವು.

ಅವಳು ರಟ್ಟು ಬಿಚ್ಚಲಿಲ್ಲ. ಕೇರಿಯ ಕಡೆ ನಡೆದಳು. ಯಾರೂ ತಡೆಯಲಿಲ್ಲ; ಹಿಂದೆ ಬಡಿಯುವ ಸದ್ದು ಒಂದೇ ಸಮನೆ ಮುಂದುವರಿದಿತ್ತು. ಹೇಳಬೇಕಾದ್ದನ್ನು ದಾರಿಯಲ್ಲೇ ಕಟ್ಟಿಕೊಳ್ಳಲು ನೋಡಿದಳು. ಯವ್ವಾ, ಅದು ಹೇಳಿಕೆಯಲ್ಲ. ಅದು ಎಂದೋ ಎಲ್ಲೋ ಇದ್ದ ಹುಡುಗಿಯ ಮಾತು, ಜೋಗಿಯದಲ್ಲ. ಪ್ಲೇಟಿಗೆ ಗೀರು ಬಿದ್ದಿದೆ. ಆದರೆ ಇಲ್ಲಿಗೆ ನಿಲ್ಲಿಸುವಂತಿರಲಿಲ್ಲ. ಹಾಗಾದರೆ ಅವನು ಎಬ್ಬಿಸುವುದು ಸುಳ್ಳೇನು ಎಂದು ಅವಳು ಕೇಳುತ್ತಾಳೆ. ಸುಳ್ಳಲ್ಲ. ಹಾಗಾದರೆ? ಕೊನೆಯ ದಿನ ಎಲ್ಲರೂ ಏಳುತ್ತಾರೆ. ಎಲ್ಲರೂ ಅಂದರೆ ಜೋಗಿಯೂ ಏನು, ಆ ಹೆಸರೇ ಕೇಳದೆ ಹೋದವಳು? ಕೇಳಿದ್ದಳಲ್ಲ, ಬೀಜ ಆರಿಸುತ್ತಾ ಕೂತು ಕೇಳಿದ್ದಳು, ಪೆನ್ಸಿಲು ಕೊಡು ಎಂದು ಕಣ್ಣಿನಲ್ಲೇ ಕೇಳಿದ್ದಳು. ಮಾಳಮ್ಮ ಬೇಲಿಯ ಪಕ್ಕ ನಿಂತಳು. ಚಿಕ್ಕವಳಿದ್ದಾಗ, ಐದನೇ ಇಯತ್ತೆಯ ನಡುವಿನಲ್ಲಿ ಸಾಲೆ ಬಿಡಿಸಿ ಬೇನೆ ಬಿದ್ದ ಅವ್ವನ ಹಾಸಿಗೆಯ ಪಕ್ಕ ಅವಳನ್ನು ಕೂರಿಸಿದ್ದರು. ಆರು ತಿಂಗಳು ಕೂತಳು. ಅವ್ವನನ್ನು ಮಣ್ಣಿಗಿಟ್ಟ ದಿನ ಇದೇ ಪಕ್ಕೀರಪ್ಪನವರು, ಆಗಿನ್ನೂ ತಲೆಗೂದಲು ಕಪ್ಪಿತ್ತು, ಈ ನಮ್ಮ ಸಹೋದರಿ ಸತ್ತಿಲ್ಲ, ಮಲಗಿದ್ದಾಳೆ ಎಂದಿದ್ದರು. ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಅವಳು ಮನೆಯ ಕೌದಿಯನ್ನು ಹೊತ್ತುಕೊಂಡು ಹೋಗಿ, ಹಸಿಮಣ್ಣಿನ ಮೇಲೆ ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟು ಬಂದಿದ್ದಳು. ಕಲ್ಯಾಣಮ್ಮನವರು ಅದನ್ನು ಮಡಚಿ ತಂದು ಕೊಟ್ಟು, ಹುಚ್ಚಿ, ಹೊದಿಕಿ ಹಾಳಾಗತೈತಲ್ಲ ಎಂದಿದ್ದರು. ಅದು ಹಾಗಲ್ಲ ಎಂದು ಮಾತ್ರ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಎಂಟು ವರ್ಷದಿಂದ ಅವಳು ತಾನಾಗಿಯೇ, ಸ್ವಲ್ಪ ಸ್ವಲ್ಪವಾಗಿ, ಅದು ಹಾಗಲ್ಲ ಎಂದು ತಿಳಿದುಕೊಂಡಿದ್ದಳು. ಪೂರ್ತಿ ತಿಳಿದಿರಲಿಲ್ಲ. ಅವ್ವನ ಸೀರೆಯ ತುಂಡಿನಿಂದಲೇ ಅವಳು ಪ್ಲೇಟು ಒರೆಸುತ್ತಿದ್ದದ್ದು.

ಗಾಳೆಮ್ಮನ ಮನೆಯ ಮುಂದೆ ಹಗ್ಗದ ಮೇಲೆ ಒಂದು ಸಣ್ಣ ಲಂಗ ಒಣಗುತ್ತಿತ್ತು. ಬಾಗಿಲು ತೆರೆದಿತ್ತು. ಅವಳು ಹೊಸ್ತಿಲ ಹೊರಗೆ ನಿಂತು ಕೆಮ್ಮಿದಳು. ಒಳಗಿನಿಂದ ಬಂದ ಗಾಳೆಮ್ಮನ ಮುಖ ಅವಳು ಅಂದುಕೊಂಡಂತೆ ಇರಲಿಲ್ಲ. ತಲೆ ಬಾಚಿತ್ತು, ಕೆನ್ನೆಯ ಮೇಲೆ ಒಂದು ಹಳೆಯ ಏಟಿನ ಹಸಿರು ಬಿಟ್ಟರೆ ಎಲ್ಲ ಶಾಂತವಾಗಿತ್ತು. "ಒಳಗ ಬಾ ತಂಗೀ. ನಿನ್ನ ಹಾದೀನ ನೋಡಾಕತ್ತಿದ್ದೆ" ಎಂದಳು. ಚಾಪೆ ಹಾಸಿದಳು. ಚೊಂಬು ತೊಳೆದು ನೀರು ತುಂಬಿ ಕೈಗೇ ಕೊಟ್ಟಳು. ಎರಡು ವರ್ಷದಲ್ಲಿ ಈ ಊರಲ್ಲಿ ಮಾಳಮ್ಮನಿಗೆ ಯಾರೂ ಒಳಗೆ ಬಾ ಅಂದಿರಲಿಲ್ಲ, ಕೈಗೆ ಚೊಂಬು ಕೊಟ್ಟಿರಲಿಲ್ಲ. ಹೀಗೆ ಒಂದು ಬಾಗಿಲಾದರೂ ತೆರೆಯಲಿ ಎಂದು ಅವಳು ಪ್ರತಿ ಮಂಗಳವಾರ ರಾತ್ರಿ ಬೇಡಿಕೊಂಡಿದ್ದಳು. ತೆರೆದಿತ್ತು. ಅವಳು ಚೊಂಬಿಗೆ ಬಾಯಿ ಹಚ್ಚಿ ಕುಡಿದಳು. ಗೋಡೆಯ ಪಕ್ಕ ಕೌದಿ ಹಾಸಿತ್ತು, ದಿಂಬು ಇಟ್ಟಿತ್ತು. ಅದರ ಹತ್ತಿರ ಊಟದ ಒಂದು ಗಂಗಾಳ, ಮೇಲೆ ಇನ್ನೊಂದನ್ನು ಮುಚ್ಚಿತ್ತು. ಇರುವೆಗಳ ಒಂದು ಸಾಲು ಗೋಡೆಯಿಂದ ಇಳಿದು ಅದರ ಅಡಿಗೆ ಹೋಗುತ್ತಿತ್ತು. ಗಾಳೆಮ್ಮ ಅದನ್ನು ಕಂಡು ಸೆರಗಿನಿಂದ ಮೆಲ್ಲಗೆ ಝಾಡಿಸಿದಳು. ಹುಡುಗಿಗೆ ಮುದ್ದೆಗಿಂತ ರೊಟ್ಟಿ ಸೇರುತ್ತಿತ್ತು, ಅದಕ್ಕೆ ದಿನಾ ಎರಡು ರೊಟ್ಟಿ ಬಡಿಯುತ್ತೇನೆ, ಸಂಜೆ ಆದ ಮೇಲೆ ದನಕ್ಕೆ ಹಾಕಿ ಬೆಳಿಗ್ಗೆ ಮತ್ತೆ ಬಿಸಿ ಬಡಿಯುತ್ತೇನೆ, ಹಳಸಿದ್ದು ಕೊಡಬಾರದಲ್ಲ ಎಂದು ದಿನದ ಮಾಮೂಲಿ ಮಾತಿನಂತೆ ಹೇಳಿದಳು. ಊರಿನವರು ನಗುತ್ತಾರೆ ಎಂದೂ ಹೇಳಿದಳು. ಅವರೂ ನಕ್ಕಿದ್ದರಂತಲ್ಲ, ಪ್ಲೇಟಿನ ಕಥೆಯ ಆ ಮನೆಯವರೂ.

ಕಟ್ಟಿಕೊಂಡು ಬಂದ ಮಾತುಗಳು ಎಲ್ಲಿ ಹೋದವೋ. ಮಾಳಮ್ಮ ಚೀಲ ಬಿಚ್ಚಿ, ಮೂರನೇ ಪ್ಲೇಟು ತೆಗೆದು, ಬಾಗಿಲಿನ ಬೆಳಕಿಗೆ ಓರೆಯಾಗಿ ಹಿಡಿದಳು. "ದೊಡ್ಡವ್ವಾ, ಇಲ್ಲಿ ನೋಡು" ಎಂದಳು. ತನ್ನ ದನಿ ತನಗೇ ಬೇರೆಯವರದ್ದಾಗಿ ಕೇಳಿತು, ತೆಳ್ಳಗೆ, ಹುಡುಗಿಯ ದನಿಯಂತೆ. "ಇದಕ್ಕ ಗೀರು ಬಿದ್ದೈತಿ. ಅದಕ್ಕ ಅದು ಮತ್ತ ಮತ್ತ ಅಂದೇ ಅಂತು. ನಿನಗ ಅಂತ ಹೇಳಿದ್ದಲ್ಲ ಅದು. ನಾನು ಮುಳ್ಳು ಎತ್ತಬೇಕಿತ್ತು. ಎತ್ತಲಿಲ್ಲ."

ಗಾಳೆಮ್ಮ ಬಾಗಿ ನೋಡಿದಳು. ಹುಣಸೆಯ ಹುಳಿಗೆ ಸುಲಿದು ನುಣುಪಾದ ಬೆರಳಿನಿಂದ ಗೀರನ್ನು ಸವರಿದಳು.

"ಯಾರು ಬೀಳಿಸಿದ್ರು?"

"ನಾನ. ಮರಳಿತ್ತು, ನೋಡಲಿಲ್ಲ."

"ಮ್, ಇಷ್ಟಗಲ ಐತಿ ಪ್ಲೇಟು," ಎಂದಳು ಗಾಳೆಮ್ಮ ಬೆರಳು ತೆಗೆಯದೆ. "ಬರೊಬ್ಬರಿ ಅದೇ ಮಾತಿನ ಮ್ಯಾಲೆ ಯಾಕ ಬಿತ್ತು?"

ಉಪದೇಶಿಗಳಾಗಿದ್ದರೆ ಏನಾದರೂ ಹೇಳುತ್ತಿದ್ದರು. ಹಡಗಲಿಯ ಆ ಬಾಯಿ ಚುರುಕಿನವಳೂ ಹೇಳುತ್ತಿದ್ದಳು. ಮಾಳಮ್ಮನಿಗೆ ಕಂಡದ್ದು ಗಂಗಾಳದ ಅಂಚಿನಲ್ಲಿ ಸುತ್ತುತ್ತಿದ್ದ ಒಂದು ಇರುವೆ, ದಿಂಬಿನ ಮೇಲೆ ಯಾರ ತಲೆಯೂ ಇಟ್ಟಿರದ ಗುಂಡನೆಯ ಉಬ್ಬು. ಗಾಳೆಮ್ಮ ಈಗ ಅವಳನ್ನೇ ನೋಡುತ್ತಿದ್ದಳು. ಆವತ್ತು ರಟ್ಟಿನ ಕಡೆ ಬಾಗಿದ್ದ ಮುಖ ಇವತ್ತು ನೇರವಾಗಿ ಅವಳ ಮುಖಕ್ಕೆ ತಿರುಗಿತ್ತು. ಮಾಳಮ್ಮ ಅಷ್ಟು ಹೆದರಿದ್ದದ್ದು ಇದಕ್ಕೇ.

"ಅದಿರಲಿ. ನೀ ಹೇಳು. ಆ ದೇವರು ಎಬ್ಬಸ್ತಾನಂತ ನೀ ನಂಬತೀಯೇನು?"

ಇಲ್ಲ ಎಂದರೆ ಎಲ್ಲ ಮುಗಿಯುತ್ತಿತ್ತು. ಗಾಳೆಮ್ಮ ಅಳುತ್ತಿದ್ದಳು, ಹಾಸಿಗೆ ಸುತ್ತಿಡುತ್ತಿದ್ದಳು, ಓಬಣ್ಣ ಹರಪನಹಳ್ಳಿಯಿಂದ ತಿರುಗಿ ಬರುತ್ತಿದ್ದ, ಮಣ್ಣಿಗೆ ಎಡೆ ಹೋಗುತ್ತಿತ್ತು, ಕೊಡತಿ ಮತ್ತೆ ಕಲ್ಲಿಗೆ ಬೀಳುತ್ತಿತ್ತು. ಒಂದು ಮಾತು, ಅದೂ ಸಣ್ಣದು. ಆದರೆ ಹಸಿಮಣ್ಣಿನ ಮೇಲೆ ನಾಲ್ಕು ಮೂಲೆಗೆ ಕಲ್ಲಿಟ್ಟು ಬಂದವಳು ಅದನ್ನು ಹೇಗೆ ಆಡುವುದು.

"ನಂಬತೀನಿ" ಎಂದಳು.

"ಕೊಟ್ಟೂರ ಸಂತ್ಯಾಗ ಕೇಳಿದ್ನಿ, ನಿಮ್ಮವ್ವಾನೂ ಹೋದ್ಲಂತ. ಆಕಿ ಏಳತಾಳೇನು?"

"ಏಳತಾಳ."

"ಜೋಗಿ?"

ಕೇರಿಯಲ್ಲಿ ಎಲ್ಲೋ ಕೋಳಿ ಕೂಗಿ ಸುಮ್ಮನಾಯಿತು. ದೂರದ ಅಂಗಳದಿಂದ ಹನ್ನೊಂದು ಕೊಡತಿಗಳ ಸದ್ದು ಬರುತ್ತಿತ್ತು. ಮಾಳಮ್ಮ ತಲೆಯಾಡಿಸಿದಳು, ಹೌದು ಎಂದು, ಯಾರನ್ನೂ ಕೇಳದೆ, ಯಾರ ಅಪ್ಪಣೆಯೂ ಇಲ್ಲದೆ. ಸಾಕ್ಷಿ ಹೇಳುವುದೆಂದರೆ ಇದೇ ಎಂದು ಅವಳಿಗೆ ಆಗ ಹೊಳೆಯಲಿಲ್ಲ. ತಲೆಯಾಡಿಸಿದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂಬುದೂ ತಿಳಿಯಲಿಲ್ಲ. ಅವಳಿಗೆ ತಿಳಿದದ್ದು, ಇದನ್ನು ಭಾನುವಾರ ಎದ್ದು ನಿಂತು ಹೇಳುವಂತಿಲ್ಲ, ಉಪದೇಶಿಗಳ ಮುಂದೆ ಹೇಳುವಂತಿಲ್ಲ, ಈ ಹೆಂಗಸನ್ನು ಎಲ್ಲಿಗೂ ಕರೆದೊಯ್ಯುವಂತಿಲ್ಲ ಎಂಬುದಷ್ಟೇ. ಮುಂದಿನ ವಾರ ಪೆಟ್ಟಿಗೆ ಹಡಗಲಿಗೆ ಹೋಗುತ್ತದೆ.

ಗಾಳೆಮ್ಮ ನಿಟ್ಟುಸಿರು ಬಿಟ್ಟಳು, ದಣಿದವರು ಕೂತಾಗ ಬಿಡುವಂಥದ್ದು. ಎದ್ದು ಕೈ ತೊಳೆದು ಬಂದಳು. ಮಾಳಮ್ಮನ ಮಡಿಲಿನಿಂದ ರಟ್ಟನ್ನು ತಾನೇ ತೆಗೆದುಕೊಂಡು, ಎರಡು ವರ್ಷ ನೋಡಿ ಕಲಿತವಳಂತೆ ಮಡಿಕೆ ಬಿಚ್ಚಿ, ಮಾಡು ನಿಲ್ಲಿಸಿ, ಪ್ಲೇಟನ್ನು ಮೊಳೆಗೆ ಸಿಕ್ಕಿಸಿದಳು. ಅದರ ಮುಂದೆ ಎರಡು ಎಲೆ ಒಂದು ಅಡಿಕೆ ಇಟ್ಟಳು. ಪೆನ್ಸಿಲನ್ನು ಮಾಳಮ್ಮನ ಕೈಗೆ ಕೊಟ್ಟು, ಎದುರಿಗೆ ಕೂತು ತಲೆಯ ಮೇಲೆ ಸೆರಗು ಹೊದ್ದಳು. ಮಾಳಮ್ಮ ಪೆನ್ಸಿಲನ್ನು ತೂತಿಗೆ ಊರಿದಳು. ತಿರುಗಿಸಲು ಮುಂಗೈ ಅಲ್ಲಾಡಲಿಲ್ಲ. ಮುಳ್ಳಿನ ತುದಿಯ ಕೆಳಗೆ ಕರಿಯ ಗೆರೆಗಳು ನಿಂತಲ್ಲೇ ನಿಂತಿದ್ದವು, ಬಾಗಿಲ ಬೆಳಕಿನಲ್ಲಿ ಗೀರು ಹೊಳೆಯುತ್ತಿತ್ತು. ಗಾಳೆಮ್ಮ ಕಾದಳು. ಆಮೇಲೆ ರಟ್ಟನ್ನೂ ನೋಡದೆ, ಅವಳನ್ನೂ ನೋಡದೆ, ಇಬ್ಬರ ನಡುವಿನ ನೆಲವನ್ನು ನೋಡುತ್ತಾ ಹೇಳಿದಳು:

"ಯಾವತ್ತು ಏಳತಾಳಂತ, ಅಷ್ಟು ಕೇಳಿ ಹೇಳವ್ವಾ."